ಜೇಬಿನ ಕಲ್ಲು

ಕನ್ನಡದ ಎಂ.ಎ. ಮಾಡಿದವನಿಗೂ ಜ್ವಾಲಾಮುಖಿಗೂ ಏನು ನಂಟು ಎಂದು ವಾಚಕರು ಕೇಳಬಹುದು. ಭೂವಿಜ್ಞಾನದ ಉಪನ್ಯಾಸಕರಾದ ಮಿತ್ರರು ಬೇಸಿಗೆಯ ಕ್ಷೇತ್ರಪಾಠಕ್ಕೆಂದು ವಿದ್ಯಾರ್ಥಿಗಳನ್ನು ಮಲ್ಪೆಯಾಚೆಯ ಸೇಂಟ್ ಮೇರಿಸ್ ದ್ವೀಪಕ್ಕೆ ಕರೆದೊಯ್ದಾಗ ನಾನೂ ದೋಣಿ ಹತ್ತಿದೆ. "ಅಪ್ಪಾ, ಜ್ವಾಲಾಮುಖಿಯ ಕಲ್ಲೊಂದು ತಾ" ಎಂದು ಮಗನ ಅಪ್ಪಣೆಯಾಗಿತ್ತು.

ಬೆಂಕಿಯೆಲ್ಲಿ? ಕಂಡದ್ದು ಶಿಲ್ಪಿ ಕಡೆದು ನಿಲ್ಲಿಸಿದಂತಹ ಶಿಲಾಸ್ತಂಭಗಳ ಸಾಲು. ಸುಮಾರು 8 ಕೋಟಿ 80 ಲಕ್ಷ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮ ನೆಲದಿಂದ ಅಗಲುತ್ತಿದ್ದ ಕಾಲದಲ್ಲಿ ಉಕ್ಕಿದ ಲಾವಾರಸವಿದು. ಆರುತ್ತ ಆರುತ್ತ ಕುಗ್ಗಿ, ಬೇಸಿಗೆಯ ಕೆರೆಯಂಗಳದ ಕೆಸರಿನಂತೆ ಬಿರಿದು, ಬಿರುಕುಗಳು ಆಳಕ್ಕಿಳಿದಂತೆಲ್ಲ ಕಂಬಗಳಾಗಿ ನಿಂತಿತು. ಬಹುಪಾಲು ಆರು ಮುಖದವು. ಐದರವೂ ಏಳರವೂ ಉಂಟು. ನಾನು ಎಣಿಸಿದ ಮೊದಲನೆಯದೇ ಐದು ಮುಖದ್ದು, ಹುಡುಗರು ನಕ್ಕರು.

ಯಾರೂ ನೋಡದಾಗ ಚೂರೊಂದನ್ನು ಜೇಬಿಗಿಳಿಸಿದೆ. ಇದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ, ಏನನ್ನೂ ಒಯ್ಯಬಾರದು ಎಂದು ಮಿತ್ರರು ಬೆಳಿಗ್ಗೆಯೇ ಎಚ್ಚರಿಸಿದ್ದರು. ದೋಣಿಯ ಬಳಿ ವಿದ್ಯಾರ್ಥಿನಿಯೊಬ್ಬಳು ಮೆಲ್ಲನೆ, "ಸಾರ್, ಇಷ್ಟು ವರ್ಷ ಅದು ಇಲ್ಲೇ ಇತ್ತಲ್ಲ" ಎಂದಳು. ತರಗತಿಯಲ್ಲಿ ನಿತ್ಯ ನೀತಿ ಹೇಳುವವನು ನಾನು! ಹಿಂತಿರುಗಿ ನಡೆದು, ಅದನ್ನು ಇದ್ದಲ್ಲಿಯೇ ಇಟ್ಟು ಬಂದೆ.

ಮನೆಯಲ್ಲಿ ಮಗ ನನ್ನ ಜೇಬುಗಳನ್ನೆಲ್ಲ ತಡಕಿದ. ಸಿಕ್ಕಿದ್ದು ದೋಣಿಯ ಚೀಟಿ, ನಾಲ್ಕು ಕಾಳು ಮರಳು. ನಡೆದುದನ್ನು ಮುಚ್ಚುಮರೆಯಿಲ್ಲದೆ ಹೇಳಿದೆ. ಎರಡು ದಿನ ಅವನು ನನ್ನೊಡನೆ ಮಾತು ಬಿಟ್ಟಿದ್ದ.