ತಾಮ್ರದ ಮೇಲೆ ಅಕ್ಕನ ನೇಲ್ ಪಾಲಿಶ್

ಯಲಹಂಕ ನ್ಯೂಟೌನಿನ ನಮ್ಮ ಮನೇಲಿ ಮೋಟಾರ್ ಹಾಕಿದ ಮೇಲೆ ಟ್ಯಾಂಕ್ ತುಂಬ್ತಾ ಅಂತ ನೋಡೋಕೆ ಅಪ್ಪ ಮಂಡಿನೋವಲ್ಲೂ ಎರಡು ಮಹಡಿ ಹತ್ತುತ್ತಿದ್ದರು. ತಾನಾಗೇ ಆಫ್ ಮಾಡೋ ಡಬ್ಬಿ ಅಂಗಡೀಲೇ ಸಿಗತ್ತೆ, ಗೊತ್ತು. ಆದ್ರೂ ನಾನೇ ಮಾಡ್ತೀನಿ ಅಂತ ಎಸ್.ಪಿ. ರೋಡಿಗೆ ಹೋಗಿ ತಾಮ್ರದ ಬೋರ್ಡು, 555 ಐಸಿ, ರಿಲೇ, ಫೆರಿಕ್ ಕ್ಲೋರೈಡ್ ಎಲ್ಲಾ ಹೊತ್ಕೊಂಡು ಬಂದೆ.

ಪಿಸಿಬಿ ಮಾಡೋದು ಅಂದ್ರೆ ಇಷ್ಟೇ. ಉಳೀಬೇಕಾದ ತಾಮ್ರದ ಮೇಲೆ ಏನಾದ್ರೂ ಬಳಿಯೋದು, ಮಿಕ್ಕಿದ್ದನ್ನ ಫೆರಿಕ್ ಕ್ಲೋರೈಡಿಗೆ ತಿನ್ನಿಸೋದು. ತೊಂದರೆ ಎಲ್ಲಾ ಆ 'ಏನಾದ್ರೂ'ನಲ್ಲೇ ಇರೋದು!

ಮೊದಲು ಪರ್ಮನೆಂಟ್ ಮಾರ್ಕರಲ್ಲಿ ಗೆರೆ ಎಳೆದೆ. ದ್ರಾವಣ ತಣ್ಣಗಿತ್ತು, ಮುಕ್ಕಾಲು ಗಂಟೆ ಹಿಡೀತು. ಅಷ್ಟು ಹೊತ್ತು ಮಾರ್ಕರ್ ಶಾಯಿ ತಡೆಯೋದಿಲ್ಲ, ಅಲ್ಲಲ್ಲಿ ಸೂಜಿಮೊನೆಯಷ್ಟು ತೂತು. ಟ್ಯಾಂಕಿನ ಮೇಲಿನ ತಂತಿಯಿಂದ ಐಸಿಗೆ ಹೋಗೋ ಗೆರೇಲಿ ಕೂದಲೆಳೆಯಂಥ ಬಿರುಕು ಬಿದ್ದಿದ್ದು ನನ್ನ ಕಣ್ಣಿಗೆ ಬೀಳಲೇ ಇಲ್ಲ. ಟ್ಯಾಂಕ್ ತುಂಬಿದ್ರೂ ಮೋಟಾರ್ ನಿಲ್ಲಲಿಲ್ಲ. ರಾತ್ರಿ ಹನ್ನೊಂದಕ್ಕೆ ನೀರು ಸುರಿಯೋ ಸದ್ದು ಕೇಳಿ, ಆ ಒದ್ದೆ ಮೆಟ್ಟಿಲು ಹತ್ತಿ ಹೋದವರು ಅಪ್ಪ. ನಾನು ಮಲಗಿದ್ದೆ. ಬೆಳಿಗ್ಗೆ ಅವರು ಏನೂ ಅನ್ನಲಿಲ್ಲ. ಬೈದಿದ್ರೇ ವಾಸಿ ಅನ್ನಿಸ್ತು.

ಎರಡನೇ ಸಲ ಟೋನರ್. ಲೇಸರ್ ಪ್ರಿಂಟರಿನ ಪುಡಿ ಪ್ಲಾಸ್ಟಿಕ್ಕಿನದು, ಬಿಸಿಗೆ ಕರಗಿ ತಾಮ್ರಕ್ಕೆ ಕಚ್ಕೊಳ್ಳತ್ತೆ. ಇಂಕ್‌ಜೆಟ್ ಇದಕ್ಕೆ ಆಗಲ್ಲ. ನುಣುಪಾದ ಮ್ಯಾಗಜೀನ್ ಹಾಳೆ ಕೊಟ್ರೆ ಜೆರಾಕ್ಸ್ ಅಂಗಡಿಯವರು "ಮೆಷಿನ್ ಕೆಟ್ಟೋಗತ್ತೆ ಸಾರ್" ಅಂತ ವಾಪಸ್ ಕಳಿಸಿದ್ರು, ಕೊನೆಗೆ ಸ್ನೇಹಿತನ ಪ್ರಿಂಟರ್ ಗತಿ. ಇಸ್ತ್ರಿಪೆಟ್ಟಿಗೆ ಒತ್ತಿ, ನೀರಲ್ಲಿ ನೆನೆಸಿ, ಕಾಗದ ಉಜ್ಜಿ ತೆಗೆದರೆ ಐಸಿ ಕಾಲುಗಳ ಹತ್ತಿರದ ಸಣ್ಣ ಗೆರೆಗಳು ಚೊಕ್ಕವಾಗಿ ಬಂದಿದ್ವು. ಆದರೆ ರಿಲೇ ಕಡೆಯ ಅಗಲದ ಪಟ್ಟಿಗಳಲ್ಲಿ ಟೋನರ್ ತೇಪೆ ತೇಪೆ.

ಆಗ ಕಣ್ಣಿಗೆ ಬಿದ್ದಿದ್ದು ಅಕ್ಕನ ಕೆಂಪು ನೇಲ್ ಪಾಲಿಶ್. ಪಟ್ಟಿಗಳ ಮೇಲೆ ದಪ್ಪಗೆ ಬಳಿದು, ಪೂರ್ತಿ ಒಣಗಿಸಿ, ಅಂಚನ್ನ ಸೂಜೀಲಿ ಕೆರೆದು ಸರಿ ಮಾಡಿದೆ. ಈ ಸಲ ಟ್ರೇಯನ್ನ ಬಿಸಿನೀರಿನ ತಟ್ಟೇಲಿಟ್ಟೆ, ಬೇಗ ಮುಗೀತು. ಒಂದು ಚೂರೂ ತಿಂದಿರಲಿಲ್ಲ! ಅಕ್ಕನ ರಿಮೂವರ್‌ಗೆ ಪಾಲಿಶ್, ಟೋನರ್ ಎರಡೂ ಬಿಟ್ಕೊಂಡ್ವು. "ಅದು ನನ್ನ ಒಳ್ಳೇ ಬಾಟ್ಲಿ ಕಣೋ" ಅಂತ ಇನ್ನೂ ಹೇಳ್ತಾನೇ ಇದ್ದಾಳೆ :)

ಮಾರ್ಕರ್ ಈಗ ಟೋನರ್ ಬಿಟ್ಟುಹೋದ ಕಡೆ ತಿದ್ದೋಕೆ ಮಾತ್ರ. ಗೆರೆಗಳನ್ನ ಒಂದೊಂದಾಗಿ ಮಲ್ಟಿಮೀಟರಲ್ಲಿ ನೋಡದೆ ಕರೆಂಟು ಕೊಡಲ್ಲ. ತಾಮ್ರ ಕರಗಿರೋ ಹಸಿರು ನೀರನ್ನ ಸಿಂಕಿಗೆ ಸುರಿಯೋ ಧೈರ್ಯ ಇಲ್ಲ, ಕೆರೆ ಸೇರಿದ್ರೆ ಮೀನಿಗೆ ವಿಷ. ಚೀಟಿ ಅಂಟಿಸಿದ ಪ್ಲಾಸ್ಟಿಕ್ ಬಾಟ್ಲೀಲಿ ಅಟ್ಟದ ಮೇಲಿದೆ.

ಬೋರ್ಡು ಚೆನ್ನಾಗೇ ಕೆಲಸ ಮಾಡ್ತಿದೆ. ಅಪ್ಪ ಮಾತ್ರ ಮೋಟಾರ್ ನಿಂತ ಮೇಲೆ ಒಂದು ಸಲ ಮೇಲೆ ಹೋಗಿ ನೋಡ್ಕೊಂಡು ಬರ್ತಾರೆ.