ಹೆಬ್ಬೆಟ್ಟು ಮತ್ತು ಬಳೆಯ ಅಳತೆ

ಒಂದು ಕಾಲಕ್ಕೆ ‘ಹೆಬ್ಬೆಟ್ಟು’ ಎಂಬುದು ಅಕ್ಷರ ಬಾರದವರನ್ನು ಹಂಗಿಸುವ ಮಾತಾಗಿತ್ತು. ಇಂದು ಪದವೀಧರರೂ ಹೆಬ್ಬೆಟ್ಟಿನವರೇ. ಪಡಿತರ ಅಂಗಡಿಯಿಂದ ನೋಂದಣಿ ಕಚೇರಿಯವರೆಗೆ ನಮ್ಮ ಮಾತಿಗಿಂತ ಬೆರಳಿಗೇ ಬೆಲೆ ಹೆಚ್ಚು. ದುಡಿದು ಬೆರಳಿನ ಗೆರೆ ಸವೆದವರನ್ನು ಯಂತ್ರ ಗುರುತಿಸದಿದ್ದರೆ ಇಡೀ ಬೀದಿ ಸಾಕ್ಷಿ ಹೇಳಿದರೂ ಸಾಲದು.

ಬಳೇಪೇಟೆಯ ನಮಗೆ ಇದು ವಿಚಿತ್ರವೆನಿಸುತ್ತದೆ. ಪೇಟೆಯ ವ್ಯವಹಾರ ನಡೆದುಬಂದದ್ದೇ ಸಾಕ್ಷಿಯ ಮೇಲೆ. ಸಾಲಕ್ಕೆ ಸರಕು ಬೇಕಾದರೆ ಗುರುತಿನವರೊಬ್ಬರು ಹೂಂ ಎನ್ನಬೇಕಿತ್ತು. ನಮ್ಮ ನಿಕಾಹಿಗೂ ಇಬ್ಬರು ಸಾಕ್ಷಿಗಳು ಬೇಕು. ಹದೀಸ್ ವಿದ್ವಾಂಸರು ಒಂದು ಮಾತು ಯಾರಿಂದ ಯಾರಿಗೆ ಬಂತೆಂಬ ಸರಪಳಿಯನ್ನು ಪರೀಕ್ಷಿಸಿಯೇ ಅದನ್ನು ಒಪ್ಪುತ್ತಿದ್ದರು. ನಂಬಿಕೆ ಹಲವರಲ್ಲಿ ಹಂಚಿಹೋಗಿತ್ತು. ಹಾಗೆಂದು ಹಳೆಯದೆಲ್ಲ ಚೆನ್ನಾಗಿತ್ತು ಎನ್ನಲಾರೆವು. ಊರು ಬಿಟ್ಟು ಬಂದ ಕೂಲಿಯವನ ಪರವಾಗಿ ಹೂಂ ಎನ್ನುವವರು ಯಾರಿದ್ದರು? ಅವನಿಗೆ ಆಧಾರ್ ಆಸರೆಯಾದದ್ದೂ ನಿಜವೇ.

ಆದರೆ ಬೆರಳು ಬೀಗದಕೈ ಆದಾಗ ಆಗುವ ಅನಾಹುತವನ್ನು ಕರ್ನಾಟಕ 2023ರಲ್ಲಿ ಕಂಡಿತು. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಿಂದ ಪಡೆದ ಕ್ರಯಪತ್ರಗಳಲ್ಲಿದ್ದ ಹೆಬ್ಬೆಟ್ಟುಗಳನ್ನು ವಂಚಕರು ನಕಲು ಮಾಡಿ, ಆಧಾರ್ ಆಧಾರಿತ ಪಾವತಿಯ ಮೂಲಕ ಜನರ ಖಾತೆಗಳಿಂದ ಹಣ ತೆಗೆದರು. ಪಾಸ್‌ವರ್ಡ್ ಕಳುವಾದರೆ ಬದಲಿಸಬಹುದು. ಬೆರಳನ್ನು ಬದಲಿಸುವುದು ಹೇಗೆ?

ಈ ಪ್ರಶ್ನೆಯ ಇನ್ನೊಂದು ಮುಖವನ್ನು ಮೊದಲೇ ಎತ್ತಿದವರು ಬೆಂಗಳೂರಿನ ಹಿರಿಯರೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ತಮ್ಮ 86ನೆಯ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕೆಂದು ಸಾರಿದರು. ಮರುವರ್ಷ ಆಧಾರ್ ಕಾಯ್ದೆ ಬಹುಮತದಿಂದ ಉಳಿಯಿತು. ಬ್ಯಾಂಕ್ ಖಾತೆಗೂ ಮೊಬೈಲಿಗೂ ಅದನ್ನು ಕಡ್ಡಾಯ ಮಾಡುವಂತಿಲ್ಲ ಎಂದಾಯಿತು. ಪುಟ್ಟಸ್ವಾಮಿಯವರು 2024ರಲ್ಲಿ ತೀರಿಕೊಂಡರು. ಅವರ ಹೆಸರು ಇಂದು ಒಂದು ಹಕ್ಕಿನ ಹೆಸರಾಗಿದೆ.

ಈಗ ತಂತ್ರಜ್ಞರು ಬೇರೊಂದು ದಾರಿ ತೋರಿಸುತ್ತಿದ್ದಾರೆ. ಬೆರಳಚ್ಚು ನಮ್ಮ ಫೋನಿನೊಳಗೇ ಇರಲಿ, ಅಲ್ಲಿಯೇ ತಾಳೆಯಾಗಲಿ. ಕೇಳಿದವರಿಗೆ ‘ಹೌದು’ ಅಥವಾ ‘ಅಲ್ಲ’ ಎಂಬ ಉತ್ತರ ಮಾತ್ರ ಹೋಗಲಿ. ಉತ್ತರ ನಿಜವೆಂಬುದಕ್ಕೆ ಗಣಿತದ ಮುದ್ರೆಯಿರುತ್ತದೆ. ಮುದ್ರೆಯನ್ನು ಪರೀಕ್ಷಿಸುವ ಸಾಧನ ಹಲವು ಕಂಪ್ಯೂಟರುಗಳಲ್ಲಿ ಹಂಚಿಕೊಂಡಿರುತ್ತದೆ, ಬೆರಳಚ್ಚು ಎಲ್ಲಿಯೂ ಇರುವುದಿಲ್ಲ. ಹದಿನೆಂಟು ತುಂಬಿದೆಯೇ ಎಂದು ಕೇಳಿದವರಿಗೆ ಹುಟ್ಟಿದ ದಿನವನ್ನೂ ಹೇಳಬೇಕಿಲ್ಲ.

ಬಳೆಗಾರರ ಪದ್ಧತಿಯೂ ಇದೇ ತಾನೆ! ಕೈ ಹಿಡಿದು ನೋಡಿ ‘ಎರಡು-ನಾಲ್ಕು’ ಅಥವಾ ‘ಎರಡು-ಆರು’ ಎನ್ನುತ್ತಾರೆ. ಬಳೆ ಏರಿದರೆ ಸರಿ, ಇಲ್ಲದಿದ್ದರೆ ಇನ್ನೊಂದು. ಕೈಯ ಅಚ್ಚು ತೆಗೆದು ಪೆಟ್ಟಿಗೆಯಲ್ಲಿಟ್ಟುಕೊಂಡವರನ್ನು ನಾವು ಕಂಡಿಲ್ಲ.

ಇಷ್ಟಾದರೂ ತಂತ್ರಜ್ಞಾನ ತಲುಪಲಾರದ ಒಂದು ಬಾಗಿಲಿದೆ. ಬಾಡಿಗೆ ಮನೆ ಕೇಳಲು ಹೋದಾಗ ನಮ್ಮ ಕಾರ್ಡಿನಲ್ಲಿ ಮೊದಲು ನೋಡುವುದು ಸಂಖ್ಯೆಯನ್ನಲ್ಲ, ಹೆಸರನ್ನು. ಹೆಸರು ಓದಿದ ಮೇಲೆ ಮನೆ ಆಗಲೇ ಬೇರೆಯವರಿಗೆ ಕೊಟ್ಟಾಗಿರುತ್ತದೆ. ಆಧಾರ್‌ನ ಎಂಟು ಅಂಕಿಗಳನ್ನು ಮುಚ್ಚಿದ ಪ್ರತಿಯಲ್ಲೂ ಹೆಸರು ತೆರೆದೇ ಇರುತ್ತದೆ. ನಮ್ಮ ಹೆಸರನ್ನು ಬಚ್ಚಿಡುವ ಆಸೆ ನಮಗಿಲ್ಲ. ಅದು ಹಿರಿಯರು ಪ್ರೀತಿಯಿಂದ ಇಟ್ಟದ್ದು. ಬಾಡಿಗೆ ಕೊಡಬಲ್ಲೆವೇ, ನೆರೆಹೊರೆಗೆ ಒಳ್ಳೆಯವರೇ ಎಂಬಷ್ಟನ್ನೇ ಕೇಳಲಿ, ಅದಕ್ಕೆ ಬೇಕಾದ ಪುರಾವೆಯನ್ನು ಸಂತೋಷದಿಂದ ಕೊಡುತ್ತೇವೆ. ಅಗತ್ಯಕ್ಕಿಂತ ಹೆಚ್ಚು ಕೇಳದಿರುವುದು ಯಂತ್ರಕ್ಕೆ ಕಲಿಸಬಹುದಾದ ಸಭ್ಯತೆ. ಅದನ್ನು ಮನುಷ್ಯರೂ ಕಲಿತರೆ ಖಾಸಗಿತನದ ತೀರ್ಪು ನಮ್ಮ ಬೀದಿಗೂ ಬಂದೀತು.