ಮಾಮೂ ಅವರ ಕ್ಯಾಸೆಟ್

ಶಿವಾಜಿನಗರದ ನಾನಿ ಮನೆಯ ಅಟ್ಟದಲ್ಲಿ ಮಾಮೂ ಅವರ ಹಳೆಯ ಕ್ಯಾಸೆಟ್ ಸಿಕ್ಕಿತು. ಗನ್ಸ್ ಎನ್ ರೋಸಸ್ ತಂಡದ ಮೊದಲ ಆಲ್ಬಮ್ ‘ಅಪಿಟೈಟ್ ಫಾರ್ ಡಿಸ್ಟ್ರಕ್ಷನ್’, 1987ರದು, 12 ಹಾಡು. ಮೊಬೈಲಿನಲ್ಲಿ ಹುಡುಕಿ ಕೇಳಿದೆ. ಸ್ಲ್ಯಾಶ್ ಗಿಟಾರ್ ಹಿಡಿದರೆ ಲೆಕ್ಕಶಾಸ್ತ್ರದ ಆಯಾಸವೆಲ್ಲ ಮಾಯ.

2012ರ ಡಿಸೆಂಬರ್‌ನಲ್ಲಿ ಈ ತಂಡ ಬೆಂಗಳೂರಿಗೇ ಬಂದಿತ್ತು. ಮಾಮೂ ಹೋಗಲಿಲ್ಲ. ಟಿಕೆಟ್ಟಿಗೆ ಕೂಡಿಟ್ಟ ಹಣ ನಾನಿಯ ಔಷಧಿಗೆ ಖರ್ಚಾಯಿತಂತೆ.

ಮೊನ್ನೆ ತಂಗಿ ಕೇಳಿದಳು: “ಭಾಯ್, ಇವರು ಏನು ಹಾಡ್ತಾರೆ?”

ಕುಡಿತ, ಹೆರಾಯಿನ್, ಹೆಣ್ಣಿನ ಬಗ್ಗೆ ಹಗುರ ಮಾತು. ಹೇಳಲು ಬಾಯಿ ಬರಲಿಲ್ಲ.

“ಗಿಟಾರ್ ಕೇಳು,” ಎಂದೆ.

“ನಾನು ಕೇಳಿದ್ದು ಮಾತಿನ ಅರ್ಥ,” ಎಂದಳು.

ಗಿಟಾರ್ ಈಗಲೂ ಇಷ್ಟ. ಅವಳಿಗೆ ಕೊಡಬೇಕಾದ ಉತ್ತರ ಮಾತ್ರ ಇನ್ನೂ ಬಾಕಿ ಇದೆ.